ಕಡಪಾ ಕಲ್ಲಿನ ಮೇಲಿನ ಕೈ

ಗೌರಿ ಸತ್ತ ಮೇಲೂ ಅವಳ ಕೈ ನಮ್ಮ ಅಡಿಗೆ ಮನೆಯಲ್ಲೇ ಉಳಿದಿತ್ತು. ನಗೋರು ನಗಲಿ. ನಾನು ಕಂಡಿದ್ದನ್ನ ಕಂಡಂಗೆ ಹೇಳ್ತೀನಿ.

ಗೌರಿ ನನ್ನ ಮಗ ನಂದೀಶನ ಮೊದಲ ಹೆಂಡತಿ. ಆಳು ಕುಳ್ಳಿ. ಅವಳು ಮದುವೆಯಾಗಿ ಬಂದಾಗ ಸರ್ಜಾಪುರದ ಈ ಕಡೆ ಇನ್ನೂ ರಾಗಿ ಹೊಲ ಇತ್ತು. ನಮ್ಮ ಯಜಮಾನರು ಹೊಸದಾಗಿ ಅಡಿಗೆ ಮನೆ ಕಟ್ಟಿಸಿ, ಗ್ಯಾಸ್ ಒಲೆ ಇಡೋದಕ್ಕೆ ಅಂತ ಕಡಪಾ ಕಲ್ಲಿನ ಕಟ್ಟೆ ಹಾಕಿಸಿದರು. ಗಾರೆಯವನು ಎದೆಮಟ್ಟಕ್ಕೆ ಎತ್ತರ ಮಾಡೋಕೆ ಹೋದ. "ಏ, ತಗ್ಗಿಸೋ. ನನ್ನ ಸೊಸೆ ಏಣಿ ಹಾಕ್ಕೊಂಡು ಮುದ್ದೆ ತಿರುವಬೇಕೇನೋ?" ಅಂತ ಗದರಿದರು. ಗೌರಿ ಬಾಗಿಲ ಹಿಂದೆ ನಿಂತು ನಕ್ಕಿದ್ದು ಈಗಲೂ ಕಿವಿಯಲ್ಲಿದೆ.

ಬಿಸಿ ಮುದ್ದೆ ಅಂಗೈಗೆ ಅಂಟಬಾರದು ಅಂತ ಅವಳು ಎರಡೂ ಕೈಗೆ ಕಡಲೆಕಾಯಿ ಎಣ್ಣೆ ಸವರಿಕೊಳ್ಳೋಳು. ಮುದ್ದೆ ಕಟ್ಟಿ ಮುಗಿಸಿ, ಎಡಗೈಯನ್ನ ಕಲ್ಲಿನ ಮೇಲೆ ಊರಿ, ಬಲಗೈ ಹಿಂಬದಿಯಿಂದ ಹಣೆಯ ಕೂದಲು ಸರಿಸಿಕೊಂಡು, "ಬನ್ರೋ, ಆರೋಗ್ತದೆ" ಅಂತ ಕೂಗೋಳು. ದಿನಾ ಅದೇ ಜಾಗ, ಅದೇ ಕೈ. ಕಡಪಾ ಕಲ್ಲು ಎಣ್ಣೆ ಕುಡಿಯೋ ಕಲ್ಲು. ಕುಡಿದಿದ್ದನ್ನ ಬಿಡಲ್ಲ.

ಮಗು ಬಿಂದುಶ್ರೀ ಇನ್ನೂ ಅಂಗನವಾಡಿಗೆ ಹೋಗ್ತಿದ್ದಾಗ ಗೌರಿಗೆ ಜ್ವರ ಬಂತು. ಬೆಳಿಗ್ಗೆ ಮುದ್ದೆ ಕಟ್ಟಿಟ್ಟು, ತಾನೇ ನಡೆದು ಆಟೋ ಹತ್ತಿ ಆಸ್ಪತ್ರೆಗೆ ಹೋದಳು. ತಿರುಗಿ ನಡೆದು ಬರಲಿಲ್ಲ.

ತಿಥಿ ಎಲ್ಲಾ ಮುಗಿದ ಮೇಲೆ ನಾನು ಕಟ್ಟೆಯನ್ನ ಒದ್ದೆ ಬಟ್ಟೆಯಲ್ಲಿ ಒರೆಸಿ ಕೂತಿದ್ದೆ. ಕಲ್ಲು ಆರುತ್ತಾ ಆರುತ್ತಾ ಬೂದಿ ಬಣ್ಣಕ್ಕೆ ತಿರುಗಿತು. ಒಂದು ಕಡೆ ಮಾತ್ರ ಕಪ್ಪಗೇ ಉಳಿಯಿತು. ಚಿಕ್ಕ ಅಂಗೈ, ಗಿಡ್ಡ ಬೆರಳು, ಹೆಬ್ಬೆರಳು ಸ್ವಲ್ಪ ಹೊರಕ್ಕೆ. ಎದ್ದು ಮತ್ತೆ ಒರೆಸಿದೆ.

ಆಮೇಲೆ ದಿನಾ ಹಂಗೇ. ಒರೆಸಿದರೆ ಮಾಯ, ಆರಿದರೆ ಹಾಜರು.

ಆ ಕೈಯನ್ನ ನನಗಿಂತ ಚೆನ್ನಾಗಿ ಬಲ್ಲವಳು ಬಿಂದು. ಸ್ಕೂಲಿಗೆ ಹೋಗೋ ಮುಂಚೆ ನೀರು ಕುಡಿಯೋ ನೆಪ ಮಾಡ್ಕೊಂಡು ಒಳಗೆ ಹೋಗೋಳು. ಆ ಕಪ್ಪು ಕೈ ಮೇಲೆ ತನ್ನ ಕೈ ಇಡೋಳು. ಕಣ್ಣು ಮುಚ್ಚೋಳು. ಆಮೇಲೆ ಬ್ಯಾಗು ಹೆಗಲಿಗೇರಿಸಿ ಓಡೋಳು. ನಾನು ಕಂಡೂ ಕಾಣದವಳ ಹಂಗೆ ಸೊಪ್ಪು ಬಿಡಿಸ್ತಾ ಇರ್ತಿದ್ದೆ. ಮಗುವಿನ ಅಂಥ ಗುಟ್ಟಿಗೆ ಬಾಯಿ ಹಾಕಬಾರದು.

ನಂದೀಶ ಮತ್ತೆ ಮದುವೆಯಾದ. ಮಂಜುಶ್ರೀ ಚಿಕ್ಕಬಾಣಾವರದ ಹುಡುಗಿ, ಒಳ್ಳೆ ಉದ್ದ, ಕೆಲಸದಲ್ಲಿ ಚುರುಕು. ನಮ್ಮಲ್ಲಿ ಎರಡನೆಯವಳಾಗಿ ಬಂದವಳು ಮೊದಲನೆಯವಳ ಹೆಸರಲ್ಲಿ ತಾಳಿ ಪಕ್ಕ ಒಂದು ಚಿನ್ನದ ಬೊಟ್ಟು ಕಟ್ಟಿಕೊಳ್ಳಬೇಕು. ಹಬ್ಬದ ದಿನ ಆ ಬೊಟ್ಟಿಗೆ ಅರಿಶಿನ ಕುಂಕುಮ ಇಟ್ಟು, ಆಮೇಲೆ ತಾನು ಉಣ್ಣಬೇಕು. ಮಂಜುಶ್ರೀ ಒಂದು ಮಾತು ಎದುರಾಡದೆ ಕಟ್ಟಿಕೊಂಡಳು.

ಕಲ್ಲಿನ ಕೈ ಮಾತ್ರ ಅವಳಿಂದ ತಡೆಯೋಕಾಗಲಿಲ್ಲ. ಮೊದಲು ಎಣ್ಣೆ ಕಲೆ ಅಂದ್ಕೊಂಡು ಸೋಪಿನ ಪುಡಿ ಹಾಕಿದಳು. ಆಮೇಲೆ ಹುಣಸೆಹಣ್ಣು, ಆಮೇಲೆ ಸೀಗೆಪುಡಿ, ಆಮೇಲೆ ಸೀಮೆಎಣ್ಣೆ. ಉಜ್ಜಿ ಉಜ್ಜಿ ಅವಳ ಕೈ ಸುಲಿಯಿತೇ ಹೊರತು ಆ ಕೈ ಅಲ್ಲಾಡಲಿಲ್ಲ. ಅದರ ಮೇಲೆ ತಟ್ಟೆ ಇಟ್ಟು ಮುಚ್ಚೋಳು. ತಟ್ಟೆ ತೆಗೆದರೆ ಇನ್ನೂ ಕಪ್ಪಗೆ ಕಾಣೋದು. ಅದಕ್ಕೆ ಬೆನ್ನು ಮಾಡಿ ಹೆಚ್ಚೋಳು, ಹೆಚ್ಚುತ್ತಾ ಹೆಚ್ಚುತ್ತಾ ತಿರುಗಿ ನೋಡೋಳು.

ಒಂದು ದಿನ ಬಂದು ನನ್ನ ಮುಂದೆ ಕೂತಳು.

"ಅತ್ತೆ, ಅಕ್ಕನ್ನ ಕೊರಳಲ್ಲಿ ಇಟ್ಕೊಂಡಿದೀನಿ. ಬೇಜಾರಿಲ್ಲ. ಅಡಿಗೆ ಮನೇಲೂ ಇರ್ಬೇಕಾ?"

ಅವಳ ಕೊರಳಿನ ಬೊಟ್ಟು ಬೆಳಕಿಗೆ ಒಂದು ಸಲ ಹೊಳೀತು. ಅದನ್ನೇ ನೋಡ್ತಾ ಕೂತೆ.

ಹಂಗೆ ಶುರುವಾಯಿತು ಹೊಸ ಅಡಿಗೆ ಮನೆ. ದಿವ್ಯಾ ಅಂತ ಒಬ್ಬ ಡಿಸೈನ್ ಹುಡುಗಿ ಲ್ಯಾಪ್‌ಟಾಪ್ ಹಿಡಿದು ಬಂದಳು. ಗೋಡೆ ಅಳೆದಳು, ಮಂಜುಶ್ರೀ ಮೊಣಕೈ ಎತ್ತರ ಅಳೆದಳು.

"ಎಲ್ ಆಕಾರ ಮಾಡೋಣ ಮೇಡಂ. ಫ್ರಿಜ್ ಇಲ್ಲಿ, ಸಿಂಕ್ ಅಲ್ಲಿ, ಒಲೆ ಈ ಕಡೆ. ಓಡಾಟ ಕಮ್ಮಿ. ಈಗಿರೋ ಕಟ್ಟೆ ನಿಮಗೆ ತುಂಬಾ ತಗ್ಗು, ಬೆನ್ನು ಹೋಗುತ್ತೆ."

"ಹೋಗ್ಬಿಟ್ಟಿದೆ ಆಗ್ಲೇ," ಅಂದಳು ಮಂಜುಶ್ರೀ.

ನಾನು ಕೇಳಿದೆ: "ಏನವ್ವ, ಅಷ್ಟು ಎತ್ತರದಾಗೆ ಮುದ್ದೆ ಎಂಗೆ ತಿರುವೋದು? ಕೋಲಿಗೆ ರಟ್ಟೆ ಬಲ ಬೀಳ್ಬೇಕಲ್ಲ?"

"ಮುದ್ದೆಗೆ ಮೆಷಿನ್ ಬಂದಿದೆ ಅಜ್ಜಿ!"

ನಂದೀಶ ಕಂಪ್ಯೂಟರಿನ ಚಿತ್ರ ನೋಡಿ, "ಏನಮ್ಮ ಇದು, ಅಡಿಗೆ ಮನೆನೋ ನರ್ಸಿಂಗ್ ಹೋಮೋ? ಗೋಡೆ ಬಿಳಿ, ಬೀರು ಬಿಳಿ, ಕಟ್ಟೇನೂ ಬಿಳಿ. ಸಾರು ಬಡಿಸೋರು ನರ್ಸಾ?" ಅಂದ.

"ನೀವು ಸುಮ್ನಿರಿ. ಅಡಿಗೆ ಮಾಡೋಳು ನಾನು," ಅಂದಳು ಇವಳು.

ಕಲ್ಲು ಆರಿಸೋಕೆ ಜಿಗಣಿಗೆ ಹೋದೆವು. ನನ್ನನ್ನೂ ಬಿಂದುವನ್ನೂ ಕಾರಲ್ಲಿ ಕೂರಿಸಿಕೊಂಡರು. ಅಲ್ಲಿ ಕಲ್ಲು ಮಾರೋ ಯಾರ್ಡಿನಲ್ಲಿ ಹಲಗೆಗಳನ್ನ ಸಾಲಾಗಿ ನಿಲ್ಲಿಸಿದ್ದರು. ಮನೆ ಇಲ್ಲದ ಬರೀ ಬಾಗಿಲುಗಳ ಊರಿದ್ದಂಗೆ ಇತ್ತು. ಕಪ್ಪು ಗ್ರಾನೈಟು ಹೊಳಪಿಗೆ ನನ್ನ ಮುಖ ತೋರಿಸಿತು, ನಾನು ಪಕ್ಕಕ್ಕೆ ಸರಿದೆ. ಒಳಗೆಲ್ಲೋ ಮೆಷಿನ್ನು ಕಲ್ಲು ಕೊಯ್ಯೋ ಸದ್ದು ಕಿರ್ರೋ ಅಂತಿತ್ತು.

ಯಾರ್ಡಿನ ಮುನಿಕೃಷ್ಣ ಒಂದೊಂದನ್ನೇ ತೋರಿಸಿದ. "ಗ್ರಾನೈಟ್ ಗಟ್ಟಿ, ಬಿಸಿ ಪಾತ್ರೆ ಇಡಬಹುದು. ಮಾರ್ಬಲ್ ಬೇಡ, ನಿಂಬೆಹುಳಿ ಬಿದ್ರೆ ತಿಂದುಹಾಕುತ್ತೆ. ಇದು ಕ್ವಾರ್ಟ್ಜ್ ಅಕ್ಕ, ಫ್ಯಾಕ್ಟರೀಲಿ ಮಾಡಿದ್ದು. ಅರಿಶಿನ ಚೆಲ್ಲಲಿ, ಎಣ್ಣೆ ಚೆಲ್ಲಲಿ, ಒರೆಸಿದ್ರೆ ಆಯ್ತು. ಏನೂ ಕುಡಿಯಲ್ಲ. ಬಿಸಿ ಪಾತ್ರೆ ಮಾತ್ರ ನೇರವಾಗಿ ಇಡಬೇಡಿ."

"ಏನೂ ಕುಡಿಯಲ್ವಾ?" ಮಂಜುಶ್ರೀ ಮತ್ತೆ ಕೇಳಿದಳು.

"ಏನೂ ಇಲ್ಲ ಅಕ್ಕ. ನೆನಪೇ ಇಟ್ಕೊಳ್ಳಲ್ಲ."

ಬಿಂದು ಅಷ್ಟರಲ್ಲಿ ನಲ್ಲಿ ಕೆಳಗೆ ಕೈ ನೆನೆಸಿಕೊಂಡು ಬಂದು ಒಂದೊಂದು ಕಲ್ಲಿಗೂ ಅಂಗೈ ಒತ್ತುತ್ತಾ ನಿಂತಿದ್ದಳು. ಒತ್ತೋದು, ಕಾಯೋದು, ಗುರುತು ಮಾಯ ಆದಮೇಲೆ ಮುಂದಿನ ಕಲ್ಲಿಗೆ ಹೋಗೋದು.

"ಅಂಕಲ್, ಕುಡಿಯೋ ಕಲ್ಲು ಯಾವ್ದು?"

ಅವನು ನಕ್ಕ. "ಕುಡಿಯೋ ಕಲ್ಲು ಯಾರಿಗೆ ಬೇಕು ಪುಟ್ಟಿ?"

ಬಿಂದು ನನ್ನ ಕಡೆ ನೋಡಿದಳು. ಅಷ್ಟರಲ್ಲಿ ಮಂಜುಶ್ರೀ ಬಿಳೀ ಕ್ವಾರ್ಟ್ಜಿಗೆ ಹೂಂ ಅಂದುಬಿಟ್ಟಿದ್ದಳು.

ಹಳೇ ಕಟ್ಟೆ ಕೀಳೋಕೆ ಬಂದವನು ನಮ್ಮ ಬಾಡಿಗೆ ಮನೆಯ ಅಮರಪ್ಪ. ಯಾದಗಿರಿ ಕಡೆಯವನು, ಗಾರೆ ಕೆಲಸ ಮಾಡ್ತಾನೆ. ಬಿಂದು ಸ್ಕೂಲಿಗೆ ಹೋಗಿದ್ದಳು. ಹಲಗೆ ಬಿರುಕು ಬಿಡದೆ ಇಡಿಯಾಗಿ ಎದ್ದು ಬಂತು.

"ಒಡೀಲೇನ್ರೀ ಯಕ್ಕಾರ?"

"ಏನಾದ್ರೂ ಮಾಡಿ. ನನ್ನ ಕಣ್ಣಿಗೆ ಬೀಳ್ಬಾರದು," ಅಂದಳು ಮಂಜುಶ್ರೀ. ಹೇಳುವಾಗ ಕೊರಳಿನ ಬೊಟ್ಟನ್ನ ಮುಷ್ಟಿಯಲ್ಲಿ ಹಿಡಿದಿದ್ದಳು.

ಒಳ್ಳೆ ಕಲ್ಲು, ಬಟ್ಟೆ ಒಗೆಯೋಕಾದರೂ ಆಗ್ತದೆ ಅಂತ ಅವನು ಅದನ್ನ ಒಡೆಯಲಿಲ್ಲ. ಗೇಟಿನ ಹೊರಗೆ ಹೊಂಗೆ ಮರಕ್ಕೆ ಆನಿಸಿಟ್ಟ. ಬಿಂದು ಸಂಜೆ ಬಂದವಳು ಬೋಳು ಅಡಿಗೆ ಮನೆ ನೋಡಿ ಬ್ಯಾಗು ಇಳಿಸದೆ ಬಾಗಿಲಲ್ಲೇ ನಿಂತಳು. ನಾನು ಅವಳ ಭುಜ ಹಿಡಿದು ಮರದ ಕಡೆ ತೋರಿಸಿದೆ. ಆಮೇಲೆ ಸ್ಕೂಲಿಗೆ ಹೋಗುವಾಗ ಆ ಮರದ ಹತ್ತಿರ ನಿಂತು, ಕೈ ಇಟ್ಟು, ಓಡೋಳು.

ಆಮೇಲೆ ಒಂದು ರಾತ್ರಿ ಮಳೆ ಬಂತು. ಬೆಳಿಗ್ಗೆ ಮಳೆ ನಿಂತು ಬಿಸಿಲು ಬಿತ್ತು. ಮೆತ್ತಿದ್ದ ಗಾರೆ ಧೂಳೆಲ್ಲ ತೊಳೆದುಹೋಗಿ, ಕಲ್ಲು ಆರುತ್ತಾ ಬಂದ ಹಾಗೆ, ಬೀದಿಯಲ್ಲಿ ಎಲ್ಲರ ಕಣ್ಣ ಮುಂದೆ, ಆ ಕೈ ಎದ್ದು ನಿಂತಿತು. ಹಲಗೆ ಆನಿಸಿಟ್ಟಿದ್ದರಿಂದ ಬೆರಳು ಆಕಾಶಕ್ಕೆ ಇದ್ದವು.

ಮೊದಲು ಕಂಡವಳು ಅಮರಪ್ಪನ ಹೆಂಡತಿ ಮಲಕವ್ವ. "ಯವ್ವಾ, ಕಲ್ಲಾಗ ಕೈ ಮೂಡ್ಯಾದ ನೋಡ್ರಿ!" ಅಂತ ಕೂಗಿದಳು. ನಮ್ಮೂರ ಹೆಂಗಸರು ಓಡಿ ಬಂದರು. ನಮ್ಮ ಕೆರೆ ಏರಿ ಮೇಲೆ ಹಿಂದಿನ ಕಾಲದ ಮಾಸ್ತಿಕಲ್ಲು ಇದೆ. ಗಂಡನ ಜೊತೆ ಬೆಂಕಿಗೆ ಹೋದವಳ ಕಲ್ಲು, ಅದರಲ್ಲೂ ಬಳೆ ತೊಟ್ಟ ಒಂದು ಕೈ ಮೇಲಕ್ಕೆ ಎದ್ದಿದೆ. ಈಗ ಅದು ಅಪಾರ್ಟ್‌ಮೆಂಟಿನ ಕಾಂಪೌಂಡ್ ಹಿಂದೆ ಸೇರಿಹೋಗಿ ಯಾರೂ ಪೂಜೆ ಮಾಡೋರಿಲ್ಲ. "ಮಾಸ್ತಮ್ಮ ಅಲ್ಲಿಂದ ಎದ್ದು ಬಂದವ್ಳೆ ಕಣ್ರೇ, ಇಂಗೆ ಮನೆ ಬಾಗಿಲಿಗೇ ಬಂದವ್ಳೆ," ಅಂದಳು ಒಬ್ಬಳು. ಅಷ್ಟು ಸಾಕಾಯಿತು. ಅರಿಶಿನ ಬಂತು, ಕುಂಕುಮ ಬಂತು, ನಿಂಬೆಹಣ್ಣು ಬಂತು. ಮಲಕವ್ವ ಸೀಸೆಗಟ್ಟಲೆ ಎಣ್ಣೆ ತಂದು ಕಲ್ಲಿನ ತಲೆ ಮೇಲಿಂದ ಸುರಿದಳು. ಬೇರೆಯವರೂ ಸುರಿದರು. ಕಲ್ಲು ಕುಡೀತಾನೇ ಇತ್ತು.

ಮಂಜುಶ್ರೀ ಕಿಟಕಿಯಿಂದ ನೋಡಿ ಬೆವತುಹೋದಳು. "ಅತ್ತೆ, ಒಳಗಿಂದ ಎತ್ತಿ ಬಿಸಾಕಿದ್ರೆ ಬಾಗಿಲಲ್ಲಿ ದೇವರಾಗಿ ನಿಂತವ್ಳಲ್ಲ! ನಾನೇನು ಮಾಡ್ಲಿ?"

ಆ ಹೊತ್ತಿಗೆ ಬಿಂದು ಬ್ಯಾಗು ಹಾಕ್ಕೊಂಡು ಹೊರಟಳು. ಮರದ ಹತ್ತಿರ ಹೋಗಿ ಎಂದಿನ ಹಂಗೆ ಕೈ ನೀಡಿದಳು.

"ಏ ಏ, ಮುಟ್ಬೇಡ ಕಣೇ! ದೇವ್ರು!" ಅಂತ ಒಬ್ಬಳು ಅವಳ ಕೈಯನ್ನ ಪಟ್ಟನೆ ತಳ್ಳಿದಳು.

ಬಿಂದು ಗಟ್ಟಿಯಾಗಿ ಅತ್ತಿದ್ದನ್ನ ನಾನು ಅವತ್ತಿನವರೆಗೂ ಕೇಳಿರಲಿಲ್ಲ. ತಾಯಿ ಹೆಣದ ಮುಂದೆಯೂ ಅವಳು ಅತ್ತಿರಲಿಲ್ಲ. "ಅದು ದೇವ್ರಲ್ಲ! ನಮ್ಮಮ್ಮನ ಕೈ! ನಾನು ದಿನಾ ಇಡ್ತೀನಿ! ಬಿಡಿ ನನ್ನ, ಸ್ಕೂಲಿಗೆ ಲೇಟಾಗುತ್ತೆ, ಬಿಡಿ!"

ಮಂಜುಶ್ರೀ ಕಿಟಕಿಯ ಸರಳು ಹಿಡಿದು ನಿಂತಿದ್ದಳು. ತಿರುಗಿ ನನ್ನ ಮುಖ ನೋಡಿದಳು. "ದಿನಾನಾ?"

ನಾನು ತಲೆಯಾಡಿಸಿದೆ.

ಮಂಜುಶ್ರೀ ಬರಿಗಾಲಲ್ಲೇ ಹೊರಗೆ ಹೋಗಿ ಕಲ್ಲಿಗೆ ಕೈ ಹಾಕಿದಳು. ಹೆಂಗಸರು ಬೇಡ ಅಂದರು, ಕಣ್ಣು ಹೋಗ್ತದೆ ಅಂದರು. "ಹೋದ್ರೆ ನನ್ನ ಕಣ್ಣು ತಾನೇ? ಇದು ನಮ್ಮನೆ ಅಡಿಗೆ ಕಟ್ಟೆ. ಇದು ನಮ್ಮ ಗೌರಕ್ಕನ ಕೈ. ಅಮರಪ್ಪಣ್ಣ, ಆ ಕಡೆ ಹಿಡೀರಿ," ಅಂತ ತಾನೂ ಒಂದು ಕಡೆ ಹಿಡಿದಳು. ಅಮರಪ್ಪ ಕಲ್ಲಿಗೆ ಕೈ ಮುಗಿದೇ ಹಿಡಿದ.

ಹಿತ್ತಲಲ್ಲಿ ಅದನ್ನ ಮಲಗಿಸಿ ತೊಳೆಯೋಕೆ ಕೂತಳು. ಆ ಕೈ ಹೋಗಲಿ ಅಂತ ತಿಂಗಳುಗಟ್ಟಲೆ ಉಜ್ಜಿದವಳು, ಈಗ ಎಲ್ಲಿ ಹೋಗಿಬಿಡುತ್ತೋ ಅಂತ ಬೆರಳ ತುದಿಯಲ್ಲಿ ತೊಳೆದಳು. ಕುಂಕುಮ ಹೋಯಿತು, ಅರಿಶಿನ ಹೋಯಿತು. ಬಿಸಿಲಿಗೆ ಬಿಟ್ಟು ಮೂವರೂ ಕಾದೆವು.

ಕಲ್ಲು ಬೂದಿ ಬಣ್ಣಕ್ಕೆ ತಿರುಗಲೇ ಇಲ್ಲ. ಸುರಿದ ಎಣ್ಣೆಯನ್ನೆಲ್ಲ ಕುಡಿದು ಉದ್ದಕ್ಕೂ ಕಪ್ಪಾಗಿತ್ತು. ಕೈ ಆ ಕಪ್ಪಿನಲ್ಲಿ ಮುಳುಗಿಹೋಗಿತ್ತು.

ಬಿಂದು ಅಳಲಿಲ್ಲ. ಮಂಜುಶ್ರೀಗೆ ಅದೇ ತಡೆಯೋಕಾಗಲಿಲ್ಲ ಅಂತ ಕಾಣುತ್ತೆ.

"ಎಲ್ಲಿತ್ತು ತೋರ್ಸು ಪುಟ್ಟ."

ಬಿಂದು ಕಣ್ಣು ಮುಚ್ಚಿದಳು. ಕಲ್ಲಿನ ಅಂಚಿನಿಂದ ಬೆರಳಲ್ಲೇ ದಾರಿ ಹುಡುಕಿಕೊಂಡು ಹೋಗಿ ಒಂದು ಕಡೆ ಕೈ ಇಟ್ಟಳು. "ಇಲ್ಲಿ, ಚಿಕ್ಕಮ್ಮ."

ಬಿಳೀ ಕಟ್ಟೆ ಬಂದು ಕೂತಿತು, ಎತ್ತರವಾಗಿ, ಕಲೆಯಿಲ್ಲದೆ. ಅದರ ಪಕ್ಕ, ಕಿಟಕಿ ಕೆಳಗೆ, ಡಿಸೈನ್ ಹುಡುಗಿ ಬೀರು ಅಂತ ಬರೆದಿದ್ದ ಜಾಗದಲ್ಲಿ, ಮಂಜುಶ್ರೀ ಕಡಪಾ ಕಲ್ಲನ್ನ ಮೊದಲಿನ ತಗ್ಗಿಗೇ ಕೂರಿಸಿದಳು. "ಮ್ಯಾಚ್ ಆಗಲ್ಲ ಮೇಡಂ," ಅಂದಳು ದಿವ್ಯಾ. "ಮುದ್ದೆ ತಿರುವೋಕೆ ಬೇಕು," ಅಂದಳು ಇವಳು. ಮೆಷಿನ್ ತರಿಸಲಿಲ್ಲ. ಹಾಲು ಉಕ್ಕಿಸಿದ ದಿನ ಮೊದಲ ಲೋಟ ಆ ಕಲ್ಲಿನ ಮೇಲಿಟ್ಟು, ಬೊಟ್ಟಿಗೆ ಕುಂಕುಮ ಇಟ್ಟುಕೊಂಡಳು. ಬಿಂದು ದಿನಾ ಬಂದು ಬರೀ ಕಪ್ಪು ಕಲ್ಲಿನ ಮೇಲೆ ಕೈ ಇಟ್ಟು ಹೋಗೋಳು.

ದಿನಾ ಒರೆಸಿ ಒರೆಸಿ, ಬಿಸಿ ಪಾತ್ರೆ ಕೂತು ಕೂತು, ಮೇಲೆ ಸುರಿದಿದ್ದ, ಆಳಕ್ಕಿಳಿಯದ ಎಣ್ಣೆ ನಿಧಾನವಾಗಿ ಬಿಡುತ್ತಾ ಬಂತು. ಚಳಿಗಾಲದ ಒಂದು ಬೆಳಿಗ್ಗೆ ನಾನು ಮಣೆ ಮೇಲೆ ಕೂತು ಅವರೆಕಾಯಿ ಬಿಡಿಸುತ್ತಿದ್ದೆ. ಮಂಜುಶ್ರೀ ಮುದ್ದೆ ಕಟ್ಟಿ, ಕಲ್ಲು ಒರೆಸಿ, ಬಟ್ಟೆ ಹಿಂಡೋಕೆ ತಿರುಗಿದವಳು ಹಂಗೇ ನಿಂತಳು. ಕಲ್ಲು ಬೂದಿಯಾಗುತ್ತಿತ್ತು. ಒಂದು ಕಡೆ ಆಗುತ್ತಿರಲಿಲ್ಲ. ಚಿಕ್ಕ ಅಂಗೈ, ಗಿಡ್ಡ ಬೆರಳು, ಹೆಬ್ಬೆರಳು ಸ್ವಲ್ಪ ಹೊರಕ್ಕೆ. ಬಿಂದು ತೋರಿಸಿದ್ದ ಜಾಗದಲ್ಲೇ.

"ಬಂದವ್ಳೆ ಅತ್ತೆ," ಅಂದಳು ಮೆಲ್ಲಗೆ. ಅವಳ ತೋಳಿನ ರೋಮ ಎದ್ದಿದ್ದು ನನಗೆ ಕೂತಲ್ಲಿಂದಲೇ ಕಾಣಿಸಿತು.

ಓಡಿಹೋಗಲಿಲ್ಲ. ಇಕ್ಕಟ್ಟಿನಲ್ಲಿ ಇನ್ನೊಬ್ಬರು ಕೆಲಸಕ್ಕೆ ನಿಂತಾಗ ಸರಿಯೋ ಹಂಗೆ ಒಂದು ಪಕ್ಕಕ್ಕೆ ಸರಿದಳು. ಆಮೇಲೆ ಬಾಗಿಲ ಕಡೆ ತಿರುಗಿ ಕೂಗಿದಳು:

"ಬಿಂದೂ, ಬ್ಯಾಗ್ ಆಮೇಲೆ ಹಾಕ್ಕೋ. ಮೊದ್ಲು ಇಲ್ಲಿ ಬಾ."