ಮಡಚದ ಬೆಂಚು

ಕೊನೆಯ ಆಮೆನ್ ಆದಮೇಲೆ ನಾಲ್ಕು ನಿಮಿಷ. ಅಷ್ಟರಲ್ಲಿ ಹದಿನೆಂಟು ಬೆಂಚುಗಳೂ ಮಡಚಿಕೊಂಡು ಗೋಡೆಗೆ ಒರಗಿ ನಿಂತಿರುತ್ತಿದ್ದವು. ಯಾರೂ ಯಾರಿಗೂ ಹೇಳಬೇಕಾಗಿರಲಿಲ್ಲ. ಸಾಲಿನ ಎರಡು ತುದಿಯವರು ಬಗ್ಗಿ ಹಲಗೆಯಡಿಯ ಕೊಂಡಿ ಎಳೆದರೆ ಕಾಲುಗಳು ಒಳಕ್ಕೆ ಬೀಳುತ್ತಿದ್ದವು, ನಡುವಿನವರು ಹಲಗೆ ಎತ್ತುತ್ತಿದ್ದರು. ಮದುವೆಯಾಗಿ ಈ ಸಭೆಗೆ ಬಂದ ಸೊಸೆಯಂದಿರು ಹಾಡುಗಳಿಗಿಂತ ಮೊದಲು ಕಲಿಯುತ್ತಿದ್ದದ್ದು ಇದನ್ನೇ.

ಆ ಬೆಂಚುಗಳನ್ನು ಮಾಡಿದವನು ಸಭೆಯ ಬಡಗಿ. ಅವನು ಮೊದಲು ಮಾಡಿಕೊಟ್ಟ ಬೆಂಚುಗಳು ಬೇರೆ. ಗಟ್ಟಿ ಮರದವು, ನಾಲ್ಕು ಜನ ಹೊರಬೇಕಾದಂಥವು. ಹನ್ನೊಂದು ವರ್ಷದ ಹಿಂದೆ, ಸಭೆ ತನ್ನ ಎರಡನೆಯ ಜಾಗದಲ್ಲಿದ್ದಾಗ, ಒಂದು ಭಾನುವಾರ ಬೆಳಿಗ್ಗೆ ಬಂದು ನೋಡಿದರೆ ಬಾಗಿಲಿಗೆ ಹೊಸ ಬೀಗ, ಬೆಂಚುಗಳು ಬೀದಿಯಲ್ಲಿ. ಎಸೆದ ರಭಸಕ್ಕೆ ಕಾಲು ಮುರಿದು ಮಗುಚಿಬಿದ್ದಿದ್ದವು. ಬಡಗಿ ಅಂದು ತುಟಿ ಬಿಚ್ಚಲಿಲ್ಲ. ಮುರಿದ ಕಾಲೊಂದನ್ನು ಕಂಕುಳಲ್ಲಿಟ್ಟುಕೊಂಡು ಮನೆಗೆ ಹೋದ. ಮೂರು ತಿಂಗಳಾದ ಮೇಲೆ ಈ ಮಡಚುವ ಬೆಂಚುಗಳನ್ನು ತಂದ. ಅಲ್ಲಿಂದಾಚೆ ಸಭೆ ಹಿಟ್ಟಿನ ಗಿರಣಿಯ ಮಹಡಿಯಲ್ಲಿ ಕೂತಿತು, ಶಾಲೆಯೊಂದರ ಊಟದ ಕೋಣೆಯಲ್ಲಿ ಕೂತಿತು, ಇನ್ನೆರಡು ಕಡೆ ಕೂತು ಎದ್ದಿತು. ಎಲ್ಲ ಕಡೆಯಿಂದಲೂ ಹೊರಡಿಸಿದರು. ಆದರೆ ಒಂದೇ ಒಂದು ಬೆಂಚೂ ಮುರಿಯಲಿಲ್ಲ. ಬಡಗಿಗೆ ಅದೇ ಹೆಮ್ಮೆ.

ಅವನ ಅತ್ತೆಗೆ ಮಾತ್ರ ಆ ಬೆಂಚುಗಳದ್ದೇ ದೂರು. ಎಪ್ಪತ್ತೆಂಟು ವರ್ಷದ ಅತ್ತೆ, ನಡು ಬಗ್ಗಿದ್ದರೂ ನಾಲಿಗೆ ನೆಟ್ಟಗಿತ್ತು. "ಅಳಿಯಂದಿರೇ, ಎರಡು ಗಂಟೆ ಕೂತರೆ ಬೆನ್ನು ಬಿದ್ದೇ ಹೋಗುತ್ತೆ. ಹಿಂದಕ್ಕೊಂದು ಒರಗು ಹಲಗೆ ಇಡಬಾರದಾ?" ಎನ್ನುತ್ತಿದ್ದರು.

"ಒರಗು ಇಟ್ಟರೆ ಮಡಚಕ್ಕಾಗಲ್ಲ ಅತ್ತೆ" ಎಂದು ಬಡಗಿ ಹನ್ನೊಂದು ವರ್ಷದಿಂದ ಒಂದೇ ಉತ್ತರ ಕೊಡುತ್ತಿದ್ದ.

ಏಳನೆಯ ಜಾಗವಾಗಿ ಸಿಕ್ಕಿದ್ದು ಮುಚ್ಚಿದ ಲಾಂಡ್ರಿ. ಉದ್ದನೆಯ ಹಜಾರ, ಮೇಲೆ ಬಟ್ಟೆ ನೇತುಹಾಕುತ್ತಿದ್ದ ಕಬ್ಬಿಣದ ಸಲಾಕೆಗಳು, ಗೋಡೆಗೆ ಮೂಗಿಟ್ಟರೆ ಇನ್ನೂ ಸಾಬೂನಿನ ವಾಸನೆ. ನೀರು ಹರಿದುಹೋಗಲೆಂದು ನೆಲ ಒಂದು ಮೂಲೆಗೆ ಇಳಿಜಾರಾಗಿತ್ತು. ಲಾಂಡ್ರಿಯ ಒಡತಿ ಸಭೆಯವಳಲ್ಲ. ಆದರೂ ಮೂವತ್ತು ವರ್ಷಕ್ಕೆ ಗುತ್ತಿಗೆ ಪತ್ರ ಮಾಡಿಕೊಟ್ಟಳು. "ನಲವತ್ತು ವರ್ಷ ಬಟ್ಟೆ ಕೊಳೆ ತೆಗೆದಿದ್ದೀನಿ. ಇನ್ನು ಮನುಷ್ಯರದ್ದು ನೀವು ನೋಡ್ಕೊಳ್ಳಿ" ಎಂದಳು.

ಪತ್ರ ಸಾಲದು, ಜನ ಸೇರುವುದಕ್ಕೆ ಸರ್ಕಾರಿ ಕಚೇರಿಯ ಪರವಾನಗಿ ಬೇಕಿತ್ತು. ಲಾಂಡ್ರಿಯ ಅಂಗಳದಲ್ಲಿ ಬಿಟ್ಟಿಯಾಗಿ ಗಾಡಿ ನಿಲ್ಲಿಸುತ್ತಿದ್ದ ಪಕ್ಕದ ಗ್ಯಾರೇಜಿನ ಯಜಮಾನ ತಕರಾರು ಅರ್ಜಿ ಕೊಟ್ಟ. ಅಷ್ಟು ಸಾಲದೆಂದು ಪ್ರಾರ್ಥನೆಯ ಹೊತ್ತಿಗೆ ಸರಿಯಾಗಿ ಯಾವುದಾದರೊಂದು ಲಾರಿಯ ಎಂಜಿನ್ ಅರಚಿಸತೊಡಗಿದ.

"ಪಾಪ, ಅವನೂ ಹಾಡ್ತಾನೆ. ಶ್ರುತಿ ಒಂಚೂರು ಏರು ಅಷ್ಟೇ" ಎಂದರು ಅತ್ತೆ.

ಕಚೇರಿಯಿಂದ ಇನ್‌ಸ್ಪೆಕ್ಟರ್ ಬಂದ. ಕೆಟ್ಟವನೇನಲ್ಲ, ಎದೆಯುರಿಗೆ ಗುಳಿಗೆ ಚೀಪುತ್ತ, ಕೈಯಲ್ಲಿ ಅಳತೆಪಟ್ಟಿ ಹಿಡಿದು ಓಡಾಡುವ ಮನುಷ್ಯ. ಎರಡು ತಪ್ಪು ಬರೆದ. ಒಂದು, ಬಾಗಿಲು ಒಳಕ್ಕೆ ತೆರೆಯುತ್ತದೆ, ಹೊರಕ್ಕೆ ತೆರೆಯಬೇಕು. ಎರಡು, ಬೆಂಚುಗಳು ಸಡಿಲ. ಬೆಂಕಿ ಬಿದ್ದು ಜನ ಓಡಿದರೆ ಎಡವಿ ಸಾಯುತ್ತಾರೆ, ನೆಲಕ್ಕೆ ಬಿಗಿಯಬೇಕು.

ಬಾಗಿಲು ತಿರುಗಿಸುವುದು ಅರ್ಧ ದಿನದ ಕೆಲಸ. ಬೆಂಚಿನ ವಿಷಯದಲ್ಲಿ ಬಡಗಿಗೆ ನಿದ್ದೆ ಬರಲಿಲ್ಲ. ಕೊನೆಗೆ ನೆಲಕ್ಕೆ ಬೋಲ್ಟು ನೆಟ್ಟು, ಬೆಂಚಿನ ಕಾಲಿಗೆ ಕಬ್ಬಿಣದ ಪಟ್ಟಿ ಕೊಟ್ಟು, ಪಟ್ಟಿಯ ಮೇಲೆ ಎರಡು ಕಿವಿಯ ನಟ್ಟು ಹಾಕಿದ. ಸ್ಪ್ಯಾನರು ಬೇಡ, ಎರಡು ಬೆರಳು ಸಾಕು ಬಿಚ್ಚಲು. ಮಡಚುವ ಕೀಲು, ಕೊಂಡಿ ಎಲ್ಲ ಹಾಗೇ ಉಳಿಸಿದ. ಇಳಿಜಾರು ನೆಲದಲ್ಲಿ ಕಾಲು ಅಲುಗಾಡದಂತೆ ಅಡಿಗೆ ಚಕ್ಕೆ ತುರುಕಿದ. ಒಬ್ಬನೇ ಒಮ್ಮೆ ಎಲ್ಲವನ್ನೂ ಬಿಚ್ಚಿ ನೋಡಿದ. ಒಂದು ಗಂಟೆ ಹಿಡಿಯಿತು. ಇಡೀ ಸಭೆ ಕೈಹಾಕಿದರೆ ಐದು ನಿಮಿಷ.

ಬುಧವಾರ ಇನ್‌ಸ್ಪೆಕ್ಟರ್ ಮತ್ತೆ ಬಂದ. ಬಾಗಿಲನ್ನು ಹೊರಕ್ಕೆ ತಳ್ಳಿ ತಲೆಯಾಡಿಸಿದ. ಆಮೇಲೆ ಬೆಂಚಿನ ಬಳಿ ಕುಕ್ಕರಗಾಲಲ್ಲಿ ಕೂತು ನಟ್ಟಿನ ಕಿವಿ ಹಿಡಿದು ತಿರುವಿದ. ಬಿಚ್ಚಿಕೊಂಡು ಅಂಗೈಗೆ ಬಂತು.

"ಇದೇನಯ್ಯಾ ಇದು?"

"ಬಿಗಿದಿದೆ ಸಾರ್."

"ಬಿಗಿದಿದೆಯೋ, ಬಿಚ್ಚೋಕೆ ಕಾಯ್ತಿದೆಯೋ?" ಇನ್‌ಸ್ಪೆಕ್ಟರ್ ನಕ್ಕ. "ಓಡಿಹೋಗೋಕೆ ನೀವೇ ಚಪ್ಪಲಿ ಹಾಕ್ಕೊಂಡು ನಿಂತಿದ್ದೀರಿ. ನೀವು ಇಲ್ಲೇ ಇರ್ತೀರಿ ಅಂತ ನಾನ್ಯಾಕೆ ಸಹಿ ಹಾಕಲಿ? ಭಾನುವಾರ ಜನ ಕೂತಿರುವಾಗ ಬರ್ತೀನಿ. ಅದೇ ಕೊನೆ. ಸರಿಯಿಲ್ಲದಿದ್ರೆ ಬಾಗಿಲಿಗೆ ಮುದ್ರೆ."

ಅಂದು ಸಂಜೆ ಪಾಸ್ಟರ್ ಬಡಗಿಯ ಮನೆಗೆ ಬಂದರು. ಮೆತ್ತನೆಯ ಮನುಷ್ಯ, ಆರು ಸಲ ಸಾಮಾನು ಹೊತ್ತು ಭುಜ ಜಗ್ಗಿದ್ದವರು. "ಸ್ವಲ್ಪ ಗಟ್ಟಿ ನಟ್ಟು ಹಾಕೋಣ ಅಣ್ಣಾ. ಆದರೆ ಕೀಲು ತೆಗೀಬೇಡ. ಅವನು ಮುದ್ರೆ ಒತ್ತಿದರೆ ನಾಳೆ ಬೆಂಚೂ ಇಲ್ಲದ ಹಾಗಾಗುತ್ತೆ."

ಬಡಗಿಯೂ ಅದನ್ನೇ ಯೋಚಿಸುತ್ತಿದ್ದ. ಪಾಸ್ಟರ್ ಬಾಯಲ್ಲಿ ಕೇಳಿದಾಗ ಮಾತ್ರ ಅದು ಯಾಕೋ ಸರಿಯೆನಿಸಲಿಲ್ಲ.

ಮೂಲೆಯಲ್ಲಿ ಕೂತಿದ್ದ ಅತ್ತೆ ಅವರೆಕಾಳು ಬಿಡಿಸುವಂತೆ ಒಂದೊಂದೇ ಪದ ಬಿಡಿಸಿಟ್ಟರು. "ಪಾಸ್ಟರೇ, ನಿಮ್ಮ ಹತ್ತಿರ ಒಂದು ಮಾತು. ದೇವರು ಜಾಗ ಕೊಡ್ತಾನೆ ಅಂತ ಹನ್ನೊಂದು ವರ್ಷ ಪ್ರಾರ್ಥನೆ ಮಾಡಿಸಿದ್ರಿ. ಈಗ ಕೊಟ್ಟಿದ್ದಾನೆ. ಅವನು ಕೊಟ್ಟದ್ದರ ಮೇಲೆ ಪೂರ್ತಿ ಕೂರೋಕೂ ನಮಗೆ ಧೈರ್ಯ ಇಲ್ವಾ? ಅರ್ಧ ಕುಂಡೆ ಊರಿ ಕೂತ್ರೆ ಬೆನ್ನು ನೋಯದೆ ಇನ್ನೇನಾಗುತ್ತೆ?"

"ಅಮ್ಮಾ!" ಎಂದಳು ಬಡಗಿಯ ಹೆಂಡತಿ.

"ನಿನ್ನ ಗಂಡನಿಗೂ ಹೇಳ್ತಿದ್ದೀನಿ ಕಣೇ. ಅಳಿಯಂದಿರೇ, ನಟ್ಟಿಗೆ ಎರಡು ಕಿವಿ ಇಟ್ಟಿರಿ. ನಂಬಿಕೆಗೂ ಇಟ್ಟಿದ್ದೀರೋ ಹೇಗೆ, ಯಾರು ಬೇಕಾದರೂ ಹಿಡಿದು ತಿರುವಲಿ ಅಂತ?"

ಪಾಸ್ಟರ್ ತಲೆ ತಗ್ಗಿಸಿದರು. ಒಲೆಯ ಮೇಲಿನ ನೀರು ಕುದಿಯುವ ಸದ್ದೊಂದೇ ಉಳಿಯಿತು. ಬಡಗಿಗೆ ಆ ಮೌನ ಗೊತ್ತಿತ್ತು. ಬೀದಿಯಲ್ಲಿ ಬಿದ್ದ ಬೆಂಚುಗಳ ಮುಂದೆ ನಿಂತಾಗಲೂ ಇದೇ ಮೌನ. ಅಂದು ತಾನು ಸುಮ್ಮನಿದ್ದದ್ದು ತಾಳ್ಮೆಯಿಂದ ಎಂದು ಎಲ್ಲರೂ ಹೊಗಳಿದ್ದರು. ಅದು ತಾಳ್ಮೆಯಲ್ಲ, ಹೆದರಿಕೆ. ಆ ಹೆದರಿಕೆಗೆ ಉಜ್ಜುಕೊರಡು ಹಾಕಿ, ಮೆರುಗು ಕೊಟ್ಟು, ಹದಿನೆಂಟು ಬೆಂಚು ಮಾಡಿ ಸಭೆಯನ್ನು ಅದರ ಮೇಲೆ ಕೂರಿಸಿದ್ದ. ಓಡುವುದನ್ನು ಅವರಿಗೆ ಕಲಿಸಿದವನು ತಾನೇ.

"ನಾಳೆ ಗರಗಸ ತಗೊಂಡು ಹೋಗ್ತೀನಿ" ಎಂದ.

"ಯಾಕೆ ಅಣ್ಣಾ?"

"ಕಾಲು ಕತ್ತರಿಸ್ತೀನಿ ಪಾಸ್ಟರೇ. ಬೆಂಚಿಂದು."

ಗುರುವಾರದಿಂದ ಶನಿವಾರ ಸಂಜೆಯವರೆಗೆ ಅವನು ಲಾಂಡ್ರಿಯಲ್ಲೇ ಇದ್ದ. ಚಕ್ಕೆಗಳನ್ನೆಲ್ಲ ಕಿತ್ತೆಸೆದ. ನೆಲ ಎಲ್ಲೆಲ್ಲಿ ಎಷ್ಟು ಇಳಿದಿದೆಯೋ ಅಳೆದು, ಒಂದೊಂದು ಬೆಂಚಿನ ಒಂದೊಂದು ಕಾಲನ್ನೂ ಅದರ ಅಳತೆಗೇ ಕೊಯ್ದ. ಇನ್ನು ಆ ಬೆಂಚುಗಳು ಆ ನೆಲದ ಮೇಲೆ, ಅದೇ ಜಾಗದಲ್ಲಿ ಮಾತ್ರ ನೆಟ್ಟಗೆ ನಿಲ್ಲುತ್ತವೆ; ಬೇರೆಲ್ಲಿಟ್ಟರೂ ಕುಂಟುತ್ತವೆ. ಕೀಲು, ಕೊಂಡಿ ಬಿಚ್ಚಿ ತೆಗೆದು ಮರದ ಗೂಟ ಹೊಡೆದ. ಕಿವಿಯ ನಟ್ಟು ತೆಗೆದು ಸಾದಾ ನಟ್ಟು ಬಿಗಿದು, ಮೇಲೆ ಉಳಿದ ಬೋಲ್ಟಿನ ತುದಿಯನ್ನು ಸುತ್ತಿಗೆಯಲ್ಲಿ ಬಡಿದು ಹೂವಿನಂತೆ ಅರಳಿಸಿದ. ಎಪ್ಪತ್ತೆರಡನೆಯ ಬೋಲ್ಟಿಗೆ ಬರುವಷ್ಟರಲ್ಲಿ ಗ್ಯಾರೇಜಿನ ಎಂಜಿನ್ನಿನ ಸದ್ದು ಅವನಿಗೆ ಕೇಳಿಸುತ್ತಲೇ ಇರಲಿಲ್ಲ.

ಭಾನುವಾರ ಪಾಸ್ಟರ್ ಕೊನೆಯ ಪ್ರಾರ್ಥನೆಗೆ ಎದ್ದು ನಿಂತಾಗ ಇನ್‌ಸ್ಪೆಕ್ಟರ್ ಒಳಗೆ ಬಂದ. ಹಿಂದೆಯೇ ಗ್ಯಾರೇಜಿನ ಯಜಮಾನ, ಮುದ್ರೆ ಒತ್ತುವುದನ್ನು ಕಣ್ಣಾರೆ ನೋಡಲು.

"ಎಲ್ಲರೂ ಸ್ವಲ್ಪ ಏಳಿ, ಬೆಂಚು ನೋಡಬೇಕು" ಎಂದ ಇನ್‌ಸ್ಪೆಕ್ಟರ್.

ಹನ್ನೊಂದು ವರ್ಷದಲ್ಲಿ 'ಏಳಿ' ಎಂದವರ ಮಾತಿಗೆ ಆ ಸಭೆ ಏಳದೆ ಇದ್ದದ್ದೇ ಇಲ್ಲ. ಕೆಲವರ ಮಂಡಿ ಆಗಲೇ ಅಲುಗಿತು. ಬಡಗಿ ಕೂತಲ್ಲಿಂದಲೇ ಹೇಳಿದ: "ಜನ ಕೂತಿರುವಾಗ ಬರ್ತೀನಿ ಅಂದಿದ್ರಿ ಸಾರ್. ಕೂತಿದ್ದಾರೆ. ನೋಡಿ."

ಅಲುಗಿದ ಮಂಡಿಗಳು ಸುಮ್ಮನಾದವು. ಯಾರೂ ಏಳಲಿಲ್ಲ.

ಇನ್‌ಸ್ಪೆಕ್ಟರ್ ಅವನನ್ನು ಒಂದು ಕ್ಷಣ ನೋಡಿ, ಬಗ್ಗಿ ನಟ್ಟು ತಿರುವಿದ. ಬೆರಳು ಜಾರಿತು. ಚೀಲದಿಂದ ಸ್ಪ್ಯಾನರ್ ತೆಗೆದು ಹಾಕಿ ಒತ್ತಿದ. ಮುಖ ಕೆಂಪಾಯಿತು, ನಟ್ಟು ಕದಲಲಿಲ್ಲ.

"ಇದನ್ನ ಬಿಚ್ಚೋದು ಹೇಗಯ್ಯಾ?"

"ಬಿಚ್ಚೋಕೆ ಹಾಕಿಲ್ಲ ಸಾರ್."

"ನಾನು ಸಹಿ ಹಾಕದೆ ಇದ್ರೆ?"

"ಆಗಲೂ ಇಲ್ಲೇ ಕೂತಿರ್ತೀವಿ."

ಇನ್‌ಸ್ಪೆಕ್ಟರ್ ಕೊನೆಯ ಸಾಲಿನವರೆಗೆ ಪ್ರತಿ ಬೆಂಚನ್ನೂ ಮೊಣಕಾಲಿಂದ ತಳ್ಳಿ ನೋಡಿದ. ಆಮೇಲೆ ಗುಳಿಗೆಯೊಂದನ್ನು ಬಾಯಿಗೆ ಹಾಕಿಕೊಂಡು, ಕಾಗದವನ್ನು ಗೋಡೆಗೆ ಒತ್ತಿ ಹಿಡಿದು ಸಹಿ ಮಾಡಿದ.

"ಎಷ್ಟು ದಿನ ಇರ್ತೀರೋ ನಾನೂ ನೋಡ್ತೀನಿ!" ಗ್ಯಾರೇಜಿನ ಯಜಮಾನ ಬಾಗಿಲಲ್ಲೇ ಕೂಗಿದ.

"ನೋಡಪ್ಪಾ, ನಿಂತು ಯಾಕೆ ನೋಡ್ತೀಯ? ಕೊನೇ ಸಾಲಲ್ಲಿ ಜಾಗ ಇದೆ, ಬಾ ಕೂತ್ಕೊಂಡೇ ನೋಡು" ಎಂದರು ಅತ್ತೆ.

ಅವನು ದಡದಡ ಹೊರಟುಹೋದ. ಸ್ವಲ್ಪ ಹೊತ್ತಿಗೆ ಪಕ್ಕದಲ್ಲಿ ಲಾರಿ ಅರಚಿತು. ಪಾಸ್ಟರ್ ನಿಲ್ಲಿಸಿದ್ದ ಪ್ರಾರ್ಥನೆಯನ್ನು ಮತ್ತೆ ಎತ್ತಿಕೊಂಡರು. ಅವರ ದನಿ ಇಷ್ಟು ಗಟ್ಟಿಯಿದೆಯೆಂದು ಯಾರಿಗೂ ಗೊತ್ತಿರಲಿಲ್ಲ. ಆಮೆನ್ ಎಂದಾಗ ಸಲಾಕೆಗಳು ಝೇಂಕರಿಸಿದವು.

ಆಮೆನ್ ಆದದ್ದೇ ಸಾಲಿನ ತುದಿಯಲ್ಲಿದ್ದವರೆಲ್ಲ ಬಗ್ಗಿದರು. ಮೂವತ್ತಾರು ಕೈಗಳು ಹಲಗೆಯಡಿಗೆ ಹೋಗಿ ಕೊಂಡಿ ತಡಕಾಡಿದವು. ಕೊಂಡಿ ಇರಲಿಲ್ಲ. ಕೈಗಳು ಅಲ್ಲೇ ಸ್ವಲ್ಪ ಹೊತ್ತು ನಿಂತವು. ಆಮೇಲೆ ಒಬ್ಬೊಬ್ಬರೇ ನೆಟ್ಟಗೆ ಕೂತರು, ಏನು ಮಾಡಬೇಕೆಂದು ತಿಳಿಯದೆ. ಮನೆಗೆ ಹೋಗುವ ಅವಸರ ಯಾರಿಗೂ ಇದ್ದಂತೆ ಕಾಣಲಿಲ್ಲ.

ಬಡಗಿ ಎದ್ದು ಅತ್ತೆಯ ಹಿಂದೆ ಬಂದು ನಿಂತ. ಬೆಂಚಿನ ಹಲಗೆಯಿಂದ ಅವರ ಬಗ್ಗಿದ ಬೆನ್ನಿನವರೆಗೆ ಗೇಣು ಹಾಕಿ ಅಳೆದ. ಎರಡು ಗೇಣು, ಮೇಲೆ ನಾಲ್ಕು ಬೆರಳು.

"ಏನದು?" ಎಂದರು ಅತ್ತೆ, ತಿರುಗದೆ.

"ಅಲ್ಲಾಡಬೇಡಿ ಅತ್ತೆ, ಅಳತೆ ತಪ್ಪುತ್ತೆ" ಎಂದ ಬಡಗಿ, ಕಿವಿಯ ಮೇಲಿದ್ದ ಪೆನ್ಸಿಲ್ ತೆಗೆದುಕೊಳ್ಳುತ್ತ.