ರುದ್ರೇಶಣ್ಣನ ಕಿವಿ

ಯಾರ ಮನೆ ಅಟ್ಟದ ತೆಂಗಿನಕಾಯಿ ಆದ್ರೂ ಸರಿ, ಕಿವಿ ಹತ್ರ ಹಿಡಿದು ಒಂದ್ಸಲ ಅಲ್ಲಾಡಿಸಿದ್ರೆ ಕೊಬ್ಬರಿ ಆಗಿದೆಯೋ ಇಲ್ವೋ ಹೇಳ್ಬುಡ್ತೀನಿ. ಆಗಿದ್ರೆ ಒಳಗಿನ ಉಂಡೆ ಚಿಪ್ಪು ಬಿಟ್ಟು ಲೊಡಲೊಡ ಅಂತದೆ. 'ರುದ್ರೇಶಣ್ಣನ ಕಿವಿ' ಅಂತ ನಮ್ಮ ಹೊನ್ನವಳ್ಳೀಲಿ ಹೆಸರು. ಆ ಕಿವಿ ಮಾಡಿದ ಘನಂದಾರಿ ಕೆಲ್ಸ ಕೇಳಿ.

ನನ್ನ ಕಾರಿನ ಜೊತೆ ಕಂಪನಿಯೋರು ಕೊಟ್ಟಿದ್ದ ಸ್ಪೀಕರು ಸೊಳ್ಳೆ ಗುಂಯ್‌ಗುಟ್ಟಿದಂಗಿತ್ತು. ತಿಪಟೂರಲ್ಲಿ ಕಾರಿಗೆ ಸ್ಪೀಕರ್ ಹಾಕೋ ಪೀರ್ ಸಾಬ್ರ ಹತ್ರ ಕಾರು ಬುಟ್ಟೆ. ನನಗಿಂತ ಹತ್ತು ವರ್ಷ ದೊಡ್ಡೋರು. ಅವರ ಅಂಗಡಿಗೆ ಬೋರ್ಡೇ ಇಲ್ಲ, ಸಾಬ್ರ ಕೆಲ್ಸ ಚೆನ್ನಾಗದೆ ಅಂತ ಒಬ್ಬರಿಗೊಬ್ಬರು ಹೇಳಿದ್ರೇನೇ ಗಿರಾಕಿ. ನಾಲ್ಕು ಬಾಗಿಲಿಗೂ ಹೊಸ ಸ್ಪೀಕರ್, ಡಿಕ್ಕಿಗೆ ದೊಡ್ಡ ವೂಫರ್ ಕೂರಿಸಿಕೊಟ್ರು.

ಊರು ಮುಟ್ಟೋದ್ರೊಳಗೆ ಹಿಂದ್ಗಡೆ ಏನೋ ಸದ್ದು. ಜೋರಾಗಿ ಹಾಡು ಹಾಕಿದ್ರೆ ಜಾಸ್ತಿ, ನಿಲ್ಸಿದ್ರೆ ಇಲ್ಲ. ವಾಪಸ್ ಹೋದೆ, ಸ್ಕ್ರೂ ಬಿಗಿ ಮಾಡಿದ್ರು. ಮತ್ತೆ ಹೋದೆ, ಬಾಗಿಲೊಳಗೆ ಫೋಮ್ ಅಂಟಿಸಿದ್ರು. ಸದ್ದು ಹೋಗ್ಲಿಲ್ಲ, ನನಗೆ ತಲೆ ಕೆಟ್ಟೋಯ್ತು.

ಮೂರನೇ ಸಲ ಹೋದಾಗ ಟೀಚರಮ್ಮ ಒಬ್ರು ಹೊಸ ಕಾರು ತಂದು ನಿಂತಿದ್ರು. ಪಕ್ಕದ ಟೀ ಅಂಗಡೀಲಿ ನಾಲ್ಕೈದು ಜನ. ಅವರೆಲ್ಲರ ಎದುರಿಗೇ ಶುರು ಹಚ್ಕೊಂಡೆ.

"ಕೆಲ್ಸ ಬರದಿದ್ರೆ ಅಂಗಡಿ ಯಾಕೆ ಇಟ್ಕೊಂಡಿದ್ದೀಯ? ಡಕೋಟ ಮಾಲು ಹಾಕಿ ಯಾಮಾರಿಸ್ತೀಯ?"

ಅಲ್ಲೀವರೆಗೂ 'ಸಾಬ್ರೇ, ನೀವು' ಅಂತಿದ್ದೋನು 'ನೀನು'ಗೆ ಇಳಿದಿದ್ದೆ. ಬೀದಿ ಕೊನೇತನಕ ಕೇಳಿರಬೇಕು. ಟೀಚರಮ್ಮ "ಇನ್ನೊಂದಿನ ಬರ್ತೀನಿ" ಅಂತ ಕಾರು ತಿರುಗಿಸ್ಕೊಂಡು ಹೊರಟೋದ್ರು. ಪೀರ್ ಸಾಬ್ರು ಆ ಕಾರು ಮರೆಯಾಗೋತನಕ ನೋಡಿದ್ರು.

"ಬನ್ನಿ ಸ್ವಾಮಿ, ಪೂರ್ತಿ ಬಿಚ್ಚೇ ನೋಡ್ಬುಡಾನ" ಅಂದ್ರು. ನಾನು 'ನೀನು' ಅಂದಿದ್ರೂ ಅವರು 'ಬನ್ನಿ' ಅಂದ್ರು.

ವೂಫರ್ ಇಳಿಸಿದ್ರು. ಮ್ಯಾಟ್ ಎತ್ತಿದ್ರು. ಕೊನೆಗೆ ಸ್ಟೆಪ್ನಿ ಮುಚ್ಚಿದ್ದ ಹಲಗೆ ಎತ್ತಿ, ನನಗೆ ಜಾಗ ಬಿಟ್ರು. ಬಗ್ಗಿ ನೋಡಿದೆ. ಸ್ಟೆಪ್ನಿ ಗುಂಡೀಲಿ ಒಂದು ಸುಲಿದ ತೆಂಗಿನಕಾಯಿ.

ಹೋದ ತಿಂಗಳು ಕಿಬ್ಬನಹಳ್ಳೀಲಿ ಪಂಚರ್ ಆದಾಗ ಸ್ಟೆಪ್ನಿ ತೆಗೆಯೋಕೆ ಅಂತ ಡಿಕ್ಕೀಲಿದ್ದ ಕಾಯಿಮೂಟೆ ಪಕ್ಕಕ್ಕೆ ತಳ್ಳಿದ್ದೆ. ಒಂದು ಉರುಳಿರಬೇಕು. ಹಲಗೆ ಮುಚ್ಚಿದ್ದೂ ನನ್ನ ಕೈಯೇ.

ಸಾಬ್ರು ಕಾಯಿ ತೆಗೆದು ನನ್ನ ಕೈಗಿಟ್ರು. ಹಾಳಾದ ಅಭ್ಯಾಸ, ಯೋಚ್ನೆ ಮಾಡೋಕೆ ಮುಂಚೇನೇ ಕೈ ಕಿವಿ ಹತ್ರ ಹೋಗಿ ಅಲ್ಲಾಡಿಸಿಬಿಡ್ತು. ಲೊಡಲೊಡ. ಕಾರಲ್ಲಿ ಕೇಳ್ತಿದ್ದ ಅದೇ ಸದ್ದು. ಟೀ ಅಂಗಡಿಯೋರೆಲ್ಲ ನೋಡ್ತಿದ್ರು.

"ಕೊಬ್ಬರಿ ಆಗಿದೆಯಾ ಸ್ವಾಮಿ?" ಅಂತ ಕೇಳಿದ್ರು ಸಾಬ್ರು. ಕೊಂಕು ಇರಲಿಲ್ಲ, ನಿಜವಾಗ್ಲೂ ಕೇಳಿದ್ರು.

ಕಾಯಿ ಬೆನ್ನ ಹಿಂದೆ ಹಿಡ್ಕೊಂಡೆ. "ಆ ಟೀಚರಮ್ಮನ ನಂಬರ್ ಕೊಡಿ ಸಾಬ್ರೇ, ನಾನೇ ಫೋನ್ ಮಾಡಿ ಹೇಳ್ತೀನಿ" ಅಂದೆ.

"ನನ್ನ ಹತ್ರ ಇಲ್ಲ ಸ್ವಾಮಿ. ಇವತ್ತೇ ಮೊದಲು ಬಂದಿದ್ದು."

ವೂಫರ್ ವಾಪಸ್ ಕೂರಿಸಿ, ಹಾಡು ಜೋರಾಗಿ ಹಾಕಿ ನೋಡಿದ್ರು. ಆ ಸದ್ದೇ ಇಲ್ಲ. ಆ ಹಾಡಿನ ಮಧ್ಯದಲ್ಲೇ ಬಾಯ್ಬಿಟ್ಟೆ: "ತಪ್ಪಾಯ್ತು ಸಾಬ್ರೇ."

ಅವರು ಹಾಡು ನಿಲ್ಸಿ ನನ್ನ ಕಡೆ ತಿರುಗಿದ್ರು. "ಏನಂದ್ರಿ ಸ್ವಾಮಿ? ಕೇಳಿಸ್ಲಿಲ್ಲ."

ಟೀ ಅಂಗಡಿಯೋರೂ ಇತ್ತ ತಿರುಗಿದ್ರು.

"ಏನಿಲ್ಲ, ಬತ್ತೀನಿ" ಅಂದ್ಬುಟ್ಟೆ.