ಹೊರಗಿನ ಅಳತೆ

“ಒರಿಜಿನಲ್,” ಎಂದುಬಿಟ್ಟ ಸೇತುರಾಮ.

ಅಂದ ಮೇಲೆ ಅನ್ನಿಸಿತು, ಅದು ತನ್ನ ದನಿಯಲ್ಲ. ಸಿನಿಮಾದ ಕೊನೆಯ ರೀಲಿನ ಕೋರ್ಟಿನಲ್ಲಿ ಬಾಗಿಲು ತಳ್ಳಿಕೊಂಡು ಬರುವ ಸಾಕ್ಷಿಯ ದನಿ. ಮುಂದಿನ ಬೆಂಚು ಶಿಳ್ಳೆ ಹೊಡೆಯಬೇಕಾದ ಜಾಗ. ಆದರೆ ಯಶವಂತಪುರದ ಆ ಸೈಕಲ್ ಅಂಗಡಿಯಲ್ಲಿದ್ದವರು ಇಬ್ಬರೇ. ಅಂಗಡಿಯ ವಹಾಬ್, ಕೊಡಿಗೇಹಳ್ಳಿಯ ಹಾಲಿನ ಬೈರಣ್ಣ.

ವಹಾಬ್ ಬೀಡಿಯನ್ನು ತುಟಿಯ ಈ ಕೊನೆಯಿಂದ ಆ ಕೊನೆಗೆ ದಾಟಿಸಿದ, ಅಷ್ಟೆ.

“ಎಂಗ್ ಗೊತ್ತಾಯ್ತು ಸಾಮಿ?” ಎಂದ ಬೈರಣ್ಣ.

“ಮನುಷ್ಯ ಸುಳ್ಳು ಹೇಳ್ಬಹುದು ಬೈರಣ್ಣ. ಕಬ್ಬಿಣ ಹೇಳಲ್ಲ.”

ಸೇತುರಾಮ ವರ್ನಿಯರನ್ನು ಕರ್ಚೀಫಿನಲ್ಲಿ ಒರೆಸಿದ. ಕೂದಲೆಳೆಯ ವ್ಯತ್ಯಾಸವನ್ನೂ ಹಿಡಿಯುವ ಉಕ್ಕಿನ ಅಳತೆಗೋಲು, ಡಿಪ್ಲೊಮಾ ಓದುವಾಗ ಕೊಂಡದ್ದು. ಹಗ್ಗದಲ್ಲಿ ತೂಗುತ್ತಿದ್ದ ಸೈಕಲ್ ಫ್ರೇಮಿನ ಮೂರೂ ಪೈಪುಗಳನ್ನು ಅದರಲ್ಲಿ ಕಚ್ಚಿಸಿ ಓದಿದ್ದ. ಸೈಕಲ್ ಕಂಪನಿಯ ಅಳತೆ, ಕ್ಯಾಟಲಾಗಿನಲ್ಲಿ ಓದಿಕೊಂಡದ್ದು, ಅವನಿಗೆ ಬಾಯಿಪಾಠ. ಒಂದು ಗೆರೆಯೂ ಆಚೀಚೆ ಇರಲಿಲ್ಲ. ಮುಂದುಗಡೆ ಕಂಪನಿಯ ಹಿತ್ತಾಳೆ ಬಿಲ್ಲೆ ಹೊಳೆಯುತ್ತಿತ್ತು.

ಹಿಂದಿನ ತಿಂಗಳು ಬೈರಣ್ಣನ ಹಳೆಯ ಫ್ರೇಮು ಕುತ್ತಿಗೆಯ ಹತ್ತಿರ ಕಟ್ ಆಗಿತ್ತು. ಬಳ್ಳಾರಿ ರಸ್ತೆಯಲ್ಲಿ, ಎರಡು ಕ್ಯಾನ್ ಹಾಲಿನ ಸಮೇತ. ಹಿಂದಿದ್ದ ಲಾರಿ ಬ್ರೇಕು ಹಾಕಿದ್ದರಿಂದ ಭುಜ ಮಾತ್ರ ಜಾರಿತು. ಅದು ಬೆಸುಗೆ ಹಾಕಿದ ಡೂಪ್ಲಿಕೇಟ್ ಮಾಲು ಎಂದು ಆಮೇಲೆ ಯಾರೋ ಹೇಳಿದರು. ಅವತ್ತಿನಿಂದ ಅವನ ಹೆಂಡತಿ ನಾರಾಯಣಮ್ಮನದು ಒಂದೇ ಮಾತು: “ಈ ಸಲ ಒರ್ಜಿನಲ್ಲೇ ತರಬೇಕು. ಮುಂದ್ಲು ರೂಮಿನ ಸಾಮೀನ ಕರ್ಕೊಂಡೋಗು. ಅವ್ರ್ ಕೆಲ್ಸಾನೇ ಅದು.”

ಮುಂದಿನ ರೂಮಿನ ಸ್ವಾಮಿ ಸೇತುರಾಮ. ಬೈರಣ್ಣನ ಮನೆಯ ಬಾಡಿಗೆದಾರ. ಜಾಲಹಳ್ಳಿಯ ಕಾರ್ಖಾನೆಯಲ್ಲಿ ಇನ್‌ಸ್ಪೆಕ್ಟರ್. ನೂರು ಬಿಡಿಭಾಗ ಬಂದರೆ ಐದನ್ನು ಅಳೆಯುತ್ತಾನೆ. ಐದೂ ಸರಿಯಿದ್ದರೆ ನೂರಕ್ಕೂ ಠಸ್ಸೆ ಒತ್ತುತ್ತಾನೆ. ಅದು ಅಲ್ಲಿನ ಪದ್ಧತಿ. ಉಳಿದ ತೊಂಬತ್ತೈದರ ಬಗ್ಗೆ ಅವನಿಗೆ ಆರು ವರ್ಷಗಳಲ್ಲಿ ಯಾವತ್ತೂ ಕುತೂಹಲ ಹುಟ್ಟಿರಲಿಲ್ಲ.

ಕ್ಯಾಂಟೀನಿನಲ್ಲಿ ಅವನು ಡೈಲಾಗ್ ಸೇತು. ಖಳನಾಯಕನ ಗಂಟಲಲ್ಲಿ ಫೋರ್‌ಮನ್ನಿಗೆ ಫೋನು ಮಾಡಿ ಅಟೆನ್ಶನ್ನಿನಲ್ಲಿ ನಿಲ್ಲಿಸುತ್ತಿದ್ದ. ಟೈಪಿಸ್ಟ್ ಪಂಕಜಾ ಒಮ್ಮೆ, “ನಿಮ್ಮದೇ ಒಂದು ಮಾತು ಹೇಳಿ, ಕೇಳೋಣ,” ಎಂದಿದ್ದಳು. ಅವನು ಎರಡು ದಿನ ಯೋಚಿಸಿ ಇನ್ನೊಂದು ಡೈಲಾಗ್ ಹೇಳಿದ. ಅವಳು ನಕ್ಕಳು. ಈಗ ಅವಳು ಸ್ಟೋರ್ಸಿನವನ ಹೆಂಡತಿ.

“ಒರ್ಜಿನಲ್ ಬೇಕಾದ್ರೆ ಇನ್ನೊಂದು ತಿಂಗ್ಳು ಕಾಯಿ ಅಂದಿದ್ರು ಪ್ಯಾಟೆ ಕಂಪ್ನಿ ಏಜೆಂಟ್ರು,” ಎಂದ ಬೈರಣ್ಣ. “ಕಾಯಕ್ಕೂ ರೆಡಿ ಇದ್ದೆ. ಅಲ್ಲೀಗಂಟ ತಲೆ ಮ್ಯಾಲೇ ಕ್ಯಾನು. ಈಗ ನೀವೇ ಏಳಿದ್ಮ್ಯಾಕೆ ಇನ್ನೇನು? ವಹಾಬಣ್ಣ, ಕಟ್ಬುಡು. ಚಕ್ರ, ಹ್ಯಾಂಡ್ಲು ಎಲ್ಲಾ ಈ ಚೀಲ್ದಾಗೈತೆ. ನಾನು ನಿಂಬೆಣ್ಣು, ಕರ್ಪೂರ ತತ್ತೀನಿ.”

ಅವನು ದುಡ್ಡು ಎಣಿಸಿ ಕೊಟ್ಟು ಮಾರ್ಕೆಟ್ಟಿನ ಕಡೆ ಹೋದ. ಸುಣ್ಣ ಅರಿಶಿನದ ಪಟ್ಟು ಹಾಕಿದ ಎಡಭುಜ ಇನ್ನೂ ಸ್ವಲ್ಪ ಕೆಳಗಿತ್ತು.

ವಹಾಬ್ ಫ್ರೇಮು ಇಳಿಸಿ ಸ್ಟ್ಯಾಂಡಿಗೆ ಹಾಕಿದ. ಚಕ್ರ ಕೂರಿಸಿದ. ನಟ್ಟುಗಳನ್ನು ಬೆರಳಲ್ಲೇ ತಿರುಗಿಸಿ ಬಿಟ್ಟ.

“ಯಾಕ್ ಸಾರ್ ಹಂಗಂದ್ರಿ?”

“ಏನಂದೆ?”

“ನಾನು ಒರಿಜಿನಲ್ ಅಂತ ಅಂದೇ ಇರ್ಲಿಲ್ಲ. ಕೇಳಿದ್ರೆ ಹೇಳ್ತಿದ್ದೆ. ನೀವು ಸ್ಕೇಲ್ ತೆಗೆದ್ರಿ, ನಾನು ಸುಮ್ನಾದೆ.”

ವಹಾಬ್ ಮೇಜಿನ ಡ್ರಾಯರ್ ಎಳೆದ. ಒಳಗೆ ಹಿತ್ತಾಳೆ ಬಿಲ್ಲೆಗಳು. ಮೂರ್ನಾಲ್ಕು ಕಂಪನಿಗಳವು, ಮದುವೆ ಮನೆಯ ಸಕ್ಕರೆ ಅಚ್ಚಿನಂತೆ ಒಂದರ ಮೇಲೊಂದು.

“ಅಳತೆ ಸರಿ ಇತ್ತಲ್ರೀ,” ಎಂದ ಸೇತುರಾಮ.

“ಹೊರಗಿನ ಅಳತೆ ಯಾರ್ ತಪ್ಪು ಮಾಡ್ತಾರೆ ಸಾರ್? ತಪ್ಪಾದ್ರೆ ಜಾಯಿಂಟೇ ಕೂರಲ್ಲ. ಒಳಗೆ ತಗಡು. ತೆಳ್ಳಗೆ.” ಅವನು ಸೀಟಿನ ಪೈಪಿನ ತೆರೆದ ಬಾಯಿಯನ್ನು ಬೆರಳಿನಿಂದ ತಟ್ಟಿದ. “ತರಕಾರಿ ತರೋರಿಗೆ ಹತ್ತು ವರ್ಷ ಬರುತ್ತೆ. ಹಾಲಿನ ಕ್ಯಾನ್ಗೆ ಆರ್ ತಿಂಗ್ಳು. ಅದೃಷ್ಟ ಇದ್ರೆ ವರ್ಷ.”

ಒಳಗನ್ನು ಅಳೆಯಲೆಂದೇ ವರ್ನಿಯರಿಗೆ ಮೇಲುಗಡೆ ಎರಡು ಪುಟ್ಟ ಕೊಕ್ಕುಗಳಿವೆ. ಸೇತುರಾಮ ಅವನ್ನು ಮುಟ್ಟಿರಲೇ ಇಲ್ಲ. ಈಗ ಮುಟ್ಟಿ ನೋಡಿದ. ಕೊಂಡಾಗಿನ ಗ್ರೀಸು ಅವುಗಳ ಮೇಲೆ ಇನ್ನೂ ಹಾಗೇ ಇತ್ತು.

“ನೀವೇ ಹೇಳ್ಬಿಡಿ,” ಎಂದ ವಹಾಬ್. “ನಾನು ಹೇಳಿದ್ರೆ ನಿಮ್ ಮರ್ಯಾದೆ ತೆಗ್ದಂಗಾಗುತ್ತೆ. ಬೋಲ್ಟು ಬಿಗಿ ಮಾಡಿಲ್ಲ. ಒಂದ್ ಮಾತು ಹೇಳಿ, ಇಳಿಸ್ತೀನಿ. ದುಡ್ಡು ವಾಪಸ್.”

ತೀರಾ ಸುಲಭ. ಸೇತುರಾಮ ಮನಸ್ಸಿನಲ್ಲೇ ರಿಹರ್ಸಲ್ ಮಾಡಿದ. ತಪ್ಪೊಪ್ಪಿಕೊಳ್ಳುವ ದೃಶ್ಯಗಳು ಅವನಿಗೆ ಹತ್ತಾರು ಗೊತ್ತು. ಅಲ್ಲೆಲ್ಲ ಸಾಯುವ ತಾಯಿ ಇರುತ್ತಾಳೆ, ಗುಡುಗು ಇರುತ್ತದೆ, ಪಿಟೀಲು ಇರುತ್ತದೆ. ‘ನಾನು ಪೈಪಿನ ಹೊರಗನ್ನು ಮಾತ್ರ ಅಳೆದೆ’ ಎನ್ನುವ ನಾಯಕ ಯಾವ ಚಿತ್ರದಲ್ಲೂ ಬಂದಿರಲಿಲ್ಲ. ಅಂಥ ಮಾತಿಗೆ ಮುಖ ಹೇಗಿಟ್ಟುಕೊಳ್ಳಬೇಕೆಂಬುದೇ ಅವನಿಗೆ ತಿಳಿಯಲಿಲ್ಲ.

ಬೈರಣ್ಣ ಬಂದ. ನಿಂಬೆಹಣ್ಣು, ಕರ್ಪೂರ, ಜೊತೆಗೆ ಬಾಳೆಲೆಯ ಪೊಟ್ಟಣ.

“ಜಿಲೇಬಿ ಸಾಮಿ. ನಿಮಗೆ. ನೀವಿಲ್ದಿದ್ರೆ ಈ ಸಲಾನೂ ಟೋಪಿ ಬೀಳ್ತಿತ್ತು. ಯಾಕ್ ಮುಖ ಇಂಗೈತೆ?”

ವಹಾಬ್ ಸ್ಪ್ಯಾನರ್ ಹಿಡಿದು ನಿಂತಿದ್ದ. ನೋಡುತ್ತಿದ್ದ. ಅವನ ನೋಟದಲ್ಲಿ ಆಪಾದನೆ ಇರಲಿಲ್ಲ. ಬಸ್ಸು ಬರುತ್ತದೋ ಇಲ್ಲವೋ ಎಂದು ನೋಡುವವನ ತಾಳ್ಮೆ ಇತ್ತು.

“ಬೈರಣ್ಣ,” ಎಂದ ಸೇತುರಾಮ.

“ಏಳಿ.”

“ಈ ಫ್ರೇಮು…”

“ಊಂ.”

“ಇದು ಬರೀ ಕಬ್ಬಿಣ ಅಲ್ಲ ಕಣೋ. ನಿನ್ನ ಎರಡನೇ ಬೆನ್ನುಮೂಳೆ.”

ದನಿ ಚೆನ್ನಾಗಿ ಬಂತು. ಎಲ್ಲಿ ಇಳಿಯಬೇಕೋ ಅಲ್ಲಿ ಇಳಿಯಿತು. ಬೈರಣ್ಣ ತೊಡೆ ತಟ್ಟಿ ನಕ್ಕ. “ನೋಡಪ್ಪ, ಓದಿರೋರ್ ಬಾಯಾಗೆ ಎಂಗ್ ಬತ್ತದೆ ಮಾತು.”

ವಹಾಬ್ ಬಗ್ಗಿ ನಟ್ಟುಗಳನ್ನು ಬಿಗಿ ಮಾಡತೊಡಗಿದ. ಒಂದೊಂದಕ್ಕೂ ಅರ್ಧ ಸುತ್ತು ಹೆಚ್ಚೇ ಕೊಟ್ಟ. ಆಮೇಲೆ ತಲೆ ಎತ್ತಲಿಲ್ಲ.

ಚಕ್ರದ ಕೆಳಗೆ ನಿಂಬೆಹಣ್ಣು ಪಚಕ್ ಎಂದಿತು.

“ಕ್ಯಾರಿಯರ್ ಇನ್ನೂ ಕಟ್ಟಿಲ್ಲ, ಮುಂದೇ ಕೂತ್ಕಳಿ,” ಎಂದ ಬೈರಣ್ಣ. “ಬಸ್ಸು ಗಿಸ್ಸು ಬ್ಯಾಡ. ಮೊದಲ್ನೇ ಸವಾರಿ ನಿಮ್ದೇ ಆಗಬೇಕು.”

ಸೇತುರಾಮ ಅಡ್ಡ ಪೈಪಿನ ಮೇಲೆ ಓರೆಯಾಗಿ ಕೂತ, ಮಡಿಲಲ್ಲಿ ಜಿಲೇಬಿ. ಮತ್ತೀಕೆರೆ ದಾಟಿತು. ಬೈರಣ್ಣನ ಉಸಿರು ಕತ್ತಿನ ಹಿಂದೆ ಬಿಸಿಯಾಗಿ ಬೀಳುತ್ತಿತ್ತು. ಹಳ್ಳ ಬಂದಾಗಲೆಲ್ಲ ಸೇತುರಾಮ ತೊಡೆಯ ಕೆಳಗಿನ ಪೈಪಿಗೆ ಕಿವಿಗೊಟ್ಟ. ಅದು ಏನೂ ಹೇಳಲಿಲ್ಲ. ಅವನು ಬಾಯಿ ತೆರೆದ, ಗಾಳಿ ತುಂಬಿಕೊಂಡಿತು, ಮುಚ್ಚಿದ.

ಹೆಬ್ಬಾಳದ ಇಳಿಜಾರಿನಲ್ಲಿ ಸೈಕಲ್ ತಾನಾಗಿ ಓಡತೊಡಗಿತು. ಎಡಕ್ಕೆ ಕೆರೆ, ಬಲಕ್ಕೆ ಸಾಲು ಲಾರಿಗಳು. ಬೈರಣ್ಣ ತುಳಿಯುವುದನ್ನು ನಿಲ್ಲಿಸಿದ. ಆಮೇಲೆ ಸೇತುರಾಮನ ಎರಡೂ ಪಕ್ಕದಲ್ಲಿ ಬೇಲಿಯಂತೆ ಚಾಚಿದ್ದ ಕೈಗಳು ಹಿಂದಕ್ಕೆ ಸರಿದವು.

“ನೋಡಿ ಸಾಮಿ,” ಎಂದ ಹಿಂದಿನಿಂದ, ಮಗುವಿನಂತೆ. “ಕೈ ಬಿಟ್ರೂ ನೆಟ್ಟಗೆ ಓಯ್ತದೆ.”

ನಿಜವಾಗಿಯೂ ನೆಟ್ಟಗೆ ಹೋಗುತ್ತಿತ್ತು. ಹ್ಯಾಂಡಲ್ ಸೇತುರಾಮನ ಎದೆಯೆದುರೇ ಇತ್ತು, ಒಂದು ಗೇಣು ದೂರದಲ್ಲಿ. ಅದರ ಮೇಲೆ ಯಾರ ಕೈಯೂ ಇರಲಿಲ್ಲ.